ಸೇವೆ ಮೊದಲೋ, ಶಾಸ್ತ್ರ ಮೊದಲೋ?

ನಮ್ಮ ಶಾಲೆಯ ಸ್ಮರಣಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ತಮಗೆ ತೋಚಿದ ವಿಷಯವನ್ನು ಕುರಿತು ಬರೆಯಬಹುದೆಂದು ಸಂಪಾದಕಿಯವರು ಅಪ್ಪಣೆ ಕೊಟ್ಟಿರುವರು. ಅಡಿಗೆ, ಹೊಲಿಗೆ, ಮಕ್ಕಳ ಆರೈಕೆ, ಗುರುಸ್ಮರಣೆ ಇವುಗಳ ವಿಷಯವಾಗಿ ನಮಗಿಂತ ಚೆನ್ನಾಗಿ ಬರೆಯುವ ಸಹೋದರಿಯರು ಅನೇಕರಿರುವದರಿಂದ ನಾವು ಬೇರೊಂದು ವಿಷಯವನ್ನು ಆರಿಸಿಕೊಂಡಿದ್ದೇವೆ. ಮಿಶನ್ನಿನ ಕೆಲಸಕ್ಕೂ ದೇವಶಾಸ್ತ್ರಕ್ಕೂ ಇರುವ ಸಂಬಂಧವೇನು ಎಂಬದೇ ಆ ವಿಷಯ. ಇದು ಪಾದ್ರಿಗಳ ಗೋಷ್ಠಿಗೆ ತಕ್ಕದ್ದೇ ಹೊರತು ಬಾಲಿಕೆಯರ ಹೈಸ್ಕೂಲಿನ ಪುಸ್ತಕಕ್ಕೆ ತಕ್ಕದ್ದಲ್ಲವೆಂದು ಕೆಲವರಿಗೆ ತೋರೀತು. ಆದರೆ ಈ ಶಾಲೆಯೇ ಮಿಶನ್ನಿನ ಕೆಲಸದ ಫಲ. ಇದರ ಅಂಗಳದಲ್ಲಿ ಆಡಿ ಬೆಳೆದ ನಾವು ಆ ಪ್ರಶ್ನೆಯನ್ನು ಕೇಳಬಾರದೆಂದರೆ ಇನ್ನಾರು ಕೇಳಬೇಕು?

ಸಾಮಾನ್ಯವಾಗಿ ಜನರು ತಿಳಿದಿರುವದು ಹೀಗೆ: ದೇವಶಾಸ್ತ್ರವೆಂಬದು ಮೊದಲು ಯುರೋಪದ ವಿದ್ಯಾಪೀಠಗಳಲ್ಲಿ ಸಿದ್ಧವಾಯಿತು, ಬಳಿಕ ಮಿಶನರಿಗಳು ಅದನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹಡಗನ್ನೇರಿ ಬಂದು ನಮಗೆ ಹಂಚಿದರು. ಬೀಸಿದ ಹಿಟ್ಟನ್ನು ಚೀಲದಲ್ಲಿ ತುಂಬಿ ಸಂತೆಗೆ ಒಯ್ದಂತೆ ಎಂದು ಇಟ್ಟುಕೊಳ್ಳೋಣ. ಈ ತಿಳಿವಳಿಕೆಯು ಪೂರ್ತಿ ಸುಳ್ಳಲ್ಲ. ಆದರೆ ಅರ್ಧಕ್ಕಿಂತ ಹೆಚ್ಚು ಸುಳ್ಳು. ಕೆಲಸವು ನಡೆದಲ್ಲಿ ಜನರು ಪ್ರಶ್ನೆ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ತಂದ ಪುಸ್ತಕದಲ್ಲಿ ಉತ್ತರವಿಲ್ಲದಾಗ ಶಾಸ್ತ್ರವು ಹೊಸದಾಗಿ ಹುಟ್ಟಲೇಬೇಕಾಗುತ್ತದೆ. ಕ್ರೈಸ್ತಸಭೆಯ ಮೊದಲ ದಿನಗಳಲ್ಲಿಯೂ ಹೀಗೆಯೇ ಆಯಿತು. ಅಪೊಸ್ತಲನಾದ ಪೌಲನು ಕೋಣೆಯಲ್ಲಿ ಕುಳಿತು ಶಾಸ್ತ್ರಗ್ರಂಥವನ್ನು ರಚಿಸಲಿಲ್ಲ; ಊರೂರು ತಿರುಗುತ್ತ, ಅಲ್ಲಿಯ ಎಳೆಯ ಸಭೆಗಳಲ್ಲಿ ಎದ್ದ ಜಗಳಗಳಿಗೂ ಸಂದೇಹಗಳಿಗೂ ಕಾಗದ ಬರೆದನು. ಯೆಹೂದ್ಯರಲ್ಲದವರು ಸಭೆಗೆ ಸೇರಬೇಕಾದರೆ ಮೊದಲು ಯೆಹೂದ್ಯರ ಆಚಾರವನ್ನೆಲ್ಲ ಹೊರಬೇಕೋ ಎಂಬ ಪ್ರಶ್ನೆಯು ಅಂಥ ಜನರು ಬಂದು ಬಾಗಿಲು ತಟ್ಟಿದ ಮೇಲೆಯೇ ಯೆರೂಸಲೇಮಿನ ಹಿರಿಯರ ಮುಂದೆ ಬಂದಿತು. ಜರ್ಮನಿಯ ಮಾರ್ಟಿನ್ ಕೇಲರ್ ಎಂಬ ದೇವಶಾಸ್ತ್ರಪಂಡಿತರು ೧೯೦೮ರಲ್ಲಿ ಮಿಶನ್ ಕಾರ್ಯವೇ ದೇವಶಾಸ್ತ್ರದ ತಾಯಿ ಎಂಬರ್ಥದ ಮಾತನ್ನು ಹೇಳಿದ್ದು ಇದನ್ನೇ ಕಂಡು.

ಈಗ ನಮ್ಮ ಸೀಮೆಯ ಕಡೆಗೆ ಬರೋಣ. ನಾವು ಹುಟ್ಟಿದ್ದು ಲಕ್ಷ್ಮೇಶ್ವರದ ಬಳಿಯ ಅಡರಕಟ್ಟಿಯಲ್ಲಿ. ಈಗ ಇದು ಗದಗ ಜಿಲ್ಲೆಗೆ ಸೇರಿದೆ. ಹಿಂದಿನ ಕಾಲದಲ್ಲಿ ಲಕ್ಷ್ಮೇಶ್ವರವು ಮಿರಜದ ಪಟವರ್ಧನರ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿಯ ಸಂಸ್ಥಾನಕ್ಕೂ ಸೇರಿದ್ದವು. ಗದಗ ಬೆಟಗೇರಿಗಳು ಮಾತ್ರ ಇಂಗ್ಲಿಷರ ಧಾರವಾಡ ಜಿಲ್ಲೆಯಲ್ಲಿದ್ದವು. ಮಿಶನ್ನಿನ ಠಾಣೆಯು ನಮ್ಮ ಭಾಗಕ್ಕೆ ಹತ್ತಿರವೆಂದರೆ ಬೆಟಗೇರಿಯದೇ. ಬಾಸೆಲ್ ಮಿಶನ್ನಿನವರು ೧೮೩೪ರಲ್ಲಿ ಮಂಗಳೂರಿಗೆ ಬಂದು, ೧೮೩೭ರಲ್ಲಿ ಧಾರವಾಡಕ್ಕೂ ೧೮೩೯ರಲ್ಲಿ ಹುಬ್ಬಳ್ಳಿಗೂ ೧೮೪೧ರಲ್ಲಿ ಬೆಟಗೇರಿಗೂ ಕಾಲಿಟ್ಟರು.

ಅವರು ಬಂದದ್ದು ಬರಿದಾದ ಹೊಲಕ್ಕಲ್ಲ. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಅಲ್ಲಿಯ ಕನ್ನಡವೇ ತಿರುಳುಗನ್ನಡವೆಂದು ಪಂಪನು ಹೆಮ್ಮೆಪಟ್ಟ ಊರು. ಸೋಮೇಶ್ವರನ ಗುಡಿ, ಜೈನರ ಶಂಖಬಸದಿ, ಮುಸಲ್ಮಾನರ ಮಸೀದೆ ದರ್ಗಾಗಳು ಒಂದೇ ಊರಿನಲ್ಲಿ ನಿಂತಿವೆ. ಶಿರಹಟ್ಟಿಯ ಫಕೀರೇಶ್ವರ ಮಠಕ್ಕೆ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವರು. ಇಂಥ ಸೀಮೆಯ ಒಕ್ಕಲಿಗನು ಕಟ್ಟೆಯ ಮೇಲೆ ಕುಳಿತು ಉಪದೇಶಿಯ ಮಾತನ್ನು ಕೇಳುವಾಗ ಅವನ ತಲೆಯಲ್ಲಿ ಆಗಲೇ ಶರಣರ ವಚನಗಳೂ ತತ್ತ್ವಪದಗಳೂ ಪುರಾಣಗಳೂ ತುಂಬಿರುತ್ತವೆ. ಅವನು ಸುಮ್ಮನೆ ತಲೆದೂಗುವವನಲ್ಲ. ಒಬ್ಬನೇ ದೇವರೆಂದು ಉಪದೇಶಿಯು ಹೇಳಿದರೆ, ಅದನ್ನು ನಮ್ಮ ಬಸವಣ್ಣನವರು ಏಳು ನೂರು ವರ್ಷಗಳ ಹಿಂದೆಯೇ ಹೇಳಿದ್ದಾರಲ್ಲ, ನೀವು ಹೊಸದಾಗಿ ತಂದದ್ದೇನು ಎಂದು ಕೇಳುವವನು. ಈ ಒಂದು ಪ್ರಶ್ನೆಗೆ ಜರ್ಮನಿಯಿಂದ ತಂದ ಪಾಠಗಳಲ್ಲಿ ಉತ್ತರವಿರಲಿಲ್ಲ. ಯಾಕಂದರೆ ಅಲ್ಲಿ ಅದನ್ನು ಯಾರೂ ಕೇಳಿರಲೇ ಇಲ್ಲ.

ಇನ್ನು ಮಲ್ಲಸಮುದ್ರದ ಕಥೆಯನ್ನು ಹೇಳದೆ ಮುಂದೆ ಹೋಗಲಾರೆವು. ಗದಗಿನ ಮಗ್ಗುಲಲ್ಲಿರುವ ಈ ಹಳ್ಳಿಯು ಮಿಶನ್ನಿನ ಹಳೆಯ ಕಾಗದಪತ್ರಗಳಲ್ಲಿ ಮಲಸಮುದ್ರವೆಂದು ಕಾಣಿಸುತ್ತದೆ. ನಮ್ಮ ಉತ್ತರ ಕರ್ನಾಟಕದಲ್ಲಿ ಕಾಲಜ್ಞಾನವನ್ನು ನಂಬುವ ಶರಣಪಂಥಗಳು ಬಹುಕಾಲದಿಂದಲೂ ಇವೆ. ಕೊಡೇಕಲ್ಲ ಬಸವಣ್ಣನ ಹೆಸರನ್ನು ಕೇಳದವರು ಯಾರು? ಕೆಟ್ಟ ಕಾಲವು ಮುಗಿದು, ಲೋಕವು ತಿರುಗಿ ಸಮವಾಗಿ, ಶರಣರು ಮತ್ತೆ ಬರುವರೆಂಬ ನುಡಿಗಳನ್ನು ಈ ಪಂಥದವರು ಬಾಯಿಪಾಠವಾಗಿ ಇಟ್ಟುಕೊಂಡಿದ್ದರು. ಅಂಥ ಲಿಂಗಾಯತರ ಒಂದು ಗುಂಪು ೧೮೪೦ರ ಸುಮಾರಿಗೆ ಹುಬ್ಬಳ್ಳಿಯ ಕಡೆಯ ಮಿಶನರಿಗಳ ಬಳಿಗೆ ಬಂದು, ನೀವು ಹೇಳುವದೂ ನಮ್ಮ ಕಾಲಜ್ಞಾನವು ಹೇಳುವದೂ ಒಂದೇ ಎಂಬಂತೆ ಮಾತಾಡಿತು. ಸಾವಿರಾರು ಜನರು ಒಮ್ಮೆಗೇ ಸಭೆಗೆ ಬರುವರೆಂದು ಮಿಶನರಿಗಳಿಗೆ ಆಸೆ ಹುಟ್ಟಿತು. ಬಂದವರು ಜಾತಿಯಿಂದಲೂ ಹೊಲಮನೆಯಿಂದಲೂ ಹೊರಬೀಳುವರೆಂದು ಯೋಚಿಸಿ ಅವರಿಗಾಗಿ ೧೮೪೧ರಲ್ಲಿ ಮಲ್ಲಸಮುದ್ರದಲ್ಲಿ ಸರಕಾರದಿಂದ ಭೂಮಿಯನ್ನು ಪಡೆದು ಒಂದು ಬೇಸಾಯದ ವಸಾಹತನ್ನು ಹೂಡಿದರು.

ಜನರು ಬರಲಿಲ್ಲ. ನಿರೀಕ್ಷಿಸಿದ ಸಾವಿರಗಳು ಸಾವಿರಗಳಾಗಿಯೇ ಹೊರಗೆ ಉಳಿದವು. ವಸಾಹತಿನ ಯೋಜನೆಯು ಕ್ರಮೇಣ ಬಿದ್ದುಹೋಯಿತು. ಮುಂದೆ ಇದನ್ನು ಬರೆದವರಲ್ಲಿ ಕೆಲವರು ಜನರ ಕಪಟವನ್ನೂ ಕೆಲವರು ಮಿಶನರಿಗಳ ಎಳೆತನವನ್ನೂ ಕಾರಣವಾಗಿ ಹೇಳುವರು. ನಮಗೆ ಈ ಎರಡೂ ಸಾಲದೆಂದು ತೋರುತ್ತದೆ. ಆ ಮಿಶನರಿಗಳು ಎಂಥ ಮನೆಗಳಿಂದ ಬಂದವರೆಂಬದನ್ನು ಸ್ವಲ್ಪ ನೋಡಬೇಕು. ಅವರಲ್ಲಿ ಬಹುಮಂದಿ ವ್ಯುರ್ಟೆಂಬರ್ಗ್ ಎಂಬ ಸೀಮೆಯ ಭಕ್ತಕುಟುಂಬಗಳವರು. ಆ ಸೀಮೆಯ ಬೆಂಗೆಲ್ ಎಂಬ ಹಿರಿಯ ವೇದಪಂಡಿತರು ಹದಿನೆಂಟನೆಯ ಶತಮಾನದಲ್ಲಿ ಪ್ರಕಟಣೆಯ ಪುಸ್ತಕವನ್ನು ಲೆಕ್ಕ ಹಾಕಿ, ೧೮೩೬ರಲ್ಲಿ ಕರ್ತನ ಸಾವಿರ ವರ್ಷದ ರಾಜ್ಯಕ್ಕೆ ಆರಂಭವೆಂದು ಸೂಚಿಸಿ ಹೋಗಿದ್ದರು. ಆ ನಿರೀಕ್ಷೆಯಿಂದಲೇ ಎಷ್ಟೋ ಕುಟುಂಬಗಳು ಮನೆಮಾರು ಮಾರಿ ರಶಿಯದ ಕಡೆಗೆ ಹೊರಟಿದ್ದವು. ಹೀಗೆ ಹೋಗದೆ ಉಳಿದವರಿಗಾಗಿ ೧೮೧೯ರಲ್ಲಿ ಸ್ಟುಟ್‌ಗಾರ್ಟಿನ ಹತ್ತಿರ ಕೋರ್ನ್‌ಟಾಲ್ ಎಂಬ ಭಕ್ತರ ವಸಾಹತು ಸ್ಥಾಪನೆಯಾಯಿತು. ಅದನ್ನು ಸ್ಥಾಪಿಸಿದವರ ಮಗನಾದ ವಿಲ್ಹೆಲ್ಮ್ ಹೊಫ್ಮನ್ನರೇ ೧೮೩೯ರಿಂದ ೧೮೫೦ರ ವರೆಗೆ ಬಾಸೆಲ್ ಮಿಶನ್ನಿನ ಇನ್ಸ್ಪೆಕ್ಟರರಾಗಿದ್ದವರು. ಅಂದರೆ ಮಲ್ಲಸಮುದ್ರವನ್ನು ಹೂಡಿದ ಕಾಲದಲ್ಲಿ ಬಾಸೆಲಿನ ಆಫೀಸಿನಲ್ಲಿ ಕುಳಿತವರು ಸ್ವತಃ ವಸಾಹತಿನಲ್ಲಿ ಬೆಳೆದ ಮನೆತನದವರು!

ಈಗ ವಾಚಕರು ಚಿತ್ತವಿಟ್ಟು ನೋಡಬೇಕು. ಒಂದು ಕಡೆಯಿಂದ ಕಾಲಜ್ಞಾನದ ನುಡಿಗಳನ್ನು ಜಪಿಸುತ್ತ ಒಳ್ಳೆಯ ಕಾಲದ ದಾರಿ ಕಾಯುತ್ತಿದ್ದ ನಮ್ಮ ಸೀಮೆಯ ಬಡ ಒಕ್ಕಲಿಗರು. ಇನ್ನೊಂದು ಕಡೆಯಿಂದ, ತಾವೂ ಒಂದು ಕಾಲಜ್ಞಾನದ ಲೆಕ್ಕವನ್ನು ನಂಬಿದ ಹಿರಿಯರ ಮಕ್ಕಳು. ಇಬ್ಬರೂ ಗದಗಿನ ಹತ್ತಿರ ಒಂದು ಹೊಲದ ಬದುವಿನ ಮೇಲೆ ಎದುರುಬದುರಾಗಿ ನಿಂತರು. ಕರ್ತನ ರಾಜ್ಯವೆಂದರೇನು? ಅದು ಯಾವಾಗ, ಎಲ್ಲಿ, ಯಾರಿಗೆ ಬರುತ್ತದೆ? ಅದರಲ್ಲಿ ಹೊಲವೂ ರೊಟ್ಟಿಯೂ ಸೇರಿವೆಯೋ ಇಲ್ಲವೋ? ಇದಕ್ಕಿಂತ ದೊಡ್ಡ ದೇವಶಾಸ್ತ್ರದ ಪ್ರಶ್ನೆ ಯಾವದಿದೆ? ಆ ದಿನ ಇಬ್ಬರೂ ಕುಳಿತು ಅದನ್ನು ಬಿಡಿಸಿ ಮಾತಾಡಿದ್ದರೆ ಏನಾಗುತ್ತಿತ್ತೋ ದೇವರೇ ಬಲ್ಲನು. ಭೂಮಿಯನ್ನು ಅಳೆದರು, ಕಟ್ಟಡಕ್ಕೆ ಕಲ್ಲು ಹೇರಿದರು. ಪ್ರಶ್ನೆಯನ್ನು ಹಾಗೆಯೇ ಬಿಟ್ಟರು. ಸೇವೆಯು ಶಾಸ್ತ್ರಕ್ಕಿಂತ ಮುಂದೆ ಓಡಿದ ಕಡೆಯಲ್ಲಿ ಶಾಸ್ತ್ರವು ಹಿಂದಿನಿಂದ ಬಂದು ಸೇರದಿದ್ದರೆ ಕೆಲಸವೂ ನಿಲ್ಲುವದಿಲ್ಲವೆಂಬದಕ್ಕೆ ನಮ್ಮ ಮನೆಯ ಬಾಗಿಲಲ್ಲಿಯೇ ಇರುವ ಸಾಕ್ಷಿ ಇದು.

ಎಲ್ಲರೂ ಹಾಗೆ ಬಿಡಲಿಲ್ಲವೆನ್ನಿ. ಟ್ಯೂಬಿಂಗೆನ್ನಿನಲ್ಲಿ ದೇವಶಾಸ್ತ್ರವನ್ನು ಓದಿ ಬಂದ ಹೆರ್ಮನ್ ಮೋಗ್ಲಿಂಗರು ೧೮೪೩ರಲ್ಲಿ ಮಂಗಳೂರ ಸಮಾಚಾರವನ್ನು ಹೊರಡಿಸಿದ್ದನ್ನು ನಮ್ಮ ಮಕ್ಕಳು ಪಾಠದಲ್ಲಿ ಓದುತ್ತಾರೆ. ಅದಕ್ಕಿಂತ ನಮಗೆ ಹೆಚ್ಚಾಗಿ ತೋರುವದು, ಅವರು ೧೮೪೮ರಿಂದ ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳು ಮುಂತಾದವನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದ್ದು. ಸುವಾರ್ತೆ ಸಾರಲು ಬಂದ ಪಾದ್ರಿಯು ಬಸವಪುರಾಣವನ್ನು ಅಚ್ಚು ಹಾಕಿಸುವದೆಂದರೆ ಆ ಕಾಲದಲ್ಲಿ ಸಣ್ಣ ಮಾತಲ್ಲ. ೧೮೫೩ರಲ್ಲಿ ಬಂದ ಕಿಟ್ಟೆಲರಂತೂ, ಕನ್ನಡಿಗರ ನಡುವೆ ಕನ್ನಡಿಗನಾಗಿ ಇರಬೇಕೆಂದು ಹಟ ಹಿಡಿದು ಮಿಶನ್ನಿನ ಹಿರಿಯರಿಗೆ ಬಿಸಿತುಪ್ಪವಾದವರು. ಅವರು ೧೮೬೨ರಲ್ಲಿ ಯೇಸುವಿನ ಚರಿತ್ರೆಯನ್ನು ಕಥಾಮಾಲೆಯೆಂಬ ಹೆಸರಿನಿಂದ ನಮ್ಮ ಛಂದಸ್ಸಿನಲ್ಲಿ ಪದ್ಯವಾಗಿ ಬರೆದರು. ೧೮೭೬ರಲ್ಲಿ ಲಿಂಗಪೂಜೆಯ ಮೂಲವನ್ನು ಕುರಿತು ಜರ್ಮನ್ ಭಾಷೆಯಲ್ಲಿ ಪ್ರಬಂಧವನ್ನು ಹೊರಡಿಸಿದರು. ೧೮೯೪ರಲ್ಲಿ ಅವರ ದೊಡ್ಡ ನಿಘಂಟು ಬೆಳಕು ಕಂಡಿತು. ನಿಘಂಟನ್ನು ಜನರು ಭಾಷೆಯ ಕೆಲಸವೆಂದು ಹೊಗಳುವರು. ನಾವು ಅದನ್ನು ದೇವಶಾಸ್ತ್ರದ ಕೆಲಸವೆಂದೂ ಕರೆಯುವೆವು. ಗುರು, ಪ್ರಸಾದ, ಯಜ್ಞ, ಮುಕ್ತಿ, ಕೃಪೆ, ಭಕ್ತಿ ಈ ಶಬ್ದಗಳಲ್ಲಿ ಯಾವದನ್ನು ಸಭೆಯೊಳಗೆ ಕರೆಯಬೇಕು, ಯಾವದನ್ನು ಹೊರಗಿಡಬೇಕು ಎಂಬ ತೀರ್ಮಾನವು ಪ್ರತಿ ದಿನ ಪ್ರತಿ ಉಪದೇಶದಲ್ಲಿ ಆಗಬೇಕಿತ್ತು. ಕೃಪೆಯು ಒಳಗೆ ಬಂದಿತು. ಪ್ರಸಾದವು ಬಾಗಿಲಲ್ಲಿಯೇ ನಿಂತಿತು.

ಪ್ರಸಾದವೆಂದಾಗ ಒಂದು ಸಂಗತಿಯು ನೆನಪಾಗುತ್ತದೆ. ನಮ್ಮ ಬೋರ್ಡಿಂಗಿನಲ್ಲಿ ಲಿಂಗಾಯತ, ಜೈನ, ಮುಸಲ್ಮಾನ ಹುಡುಗಿಯರೂ ಕ್ರೈಸ್ತ ಹುಡುಗಿಯರೂ ಕೂಡಿಯೇ ಇದ್ದೆವು. ಜಾತ್ರೆಗೆ ಹೋಗಿ ಬಂದ ಗೆಳತಿಯೊಬ್ಬಳು ಕೊಬ್ಬರಿ ಸಕ್ಕರೆಯ ಪ್ರಸಾದವನ್ನು ಕಾಗದದಲ್ಲಿ ಕಟ್ಟಿ ತಂದು ಹಾಸಿಗೆಯ ಮೇಲೆ ಬಿಚ್ಚಿದಾಗ ಕ್ರೈಸ್ತ ಹುಡುಗಿಯರಲ್ಲಿ ಎರಡು ಪಕ್ಷವಾಯಿತು. ತಿನ್ನಬಾರದೆಂದು ಒಂದು ಪಕ್ಷ. ಪ್ರೀತಿಯಿಂದ ಕೊಟ್ಟದ್ದನ್ನು ಬಿಡಬಾರದೆಂದು ಇನ್ನೊಂದು. ಜಗಳವು ಮೇಟ್ರನ್ ಬಾಯಿಯವರ ವರೆಗೆ ಹೋಗಿ, ಅಲ್ಲಿಂದ ಸತ್ಯವೇದದ ಪಾಠ ಹೇಳುವ ಅಕ್ಕನವರ ವರೆಗೆ ಹೋಯಿತು. ಅಕ್ಕನವರು ತೀರ್ಪು ಕೊಡದೆ, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಎಂಟನೆಯ ಅಧ್ಯಾಯವನ್ನು ತೆಗೆಯಿಸಿ ಓದಿಸಿದರು. ವಿಗ್ರಹಕ್ಕೆ ಅರ್ಪಿಸಿದ ಪದಾರ್ಥವನ್ನು ತಿನ್ನಬಹುದೋ ಎಂಬ ಪ್ರಶ್ನೆಯನ್ನು ಪೌಲನು ಅಲ್ಲಿ ಬಿಡಿಸುತ್ತಾನೆ. ತಿನ್ನುವದರಲ್ಲಿ ತಾನಾಗಿ ದೋಷವಿಲ್ಲ, ಆದರೆ ನೀನು ತಿನ್ನುವದನ್ನು ಕಂಡು ಬಲಹೀನನಾದ ಸಹೋದರನು ಎಡವಿದರೆ ಅದರ ಲೆಕ್ಕ ನಿನ್ನದು ಎಂಬದು ಅದರ ಸಾರಾಂಶ. ಹತ್ತೊಂಬತ್ತು ಶತಮಾನಗಳ ಹಿಂದಿನ ಗ್ರೀಕ್ ಪಟ್ಟಣದ ಜಗಳವು ನಮ್ಮ ಕೊಬ್ಬರಿ ಸಕ್ಕರೆಯ ಜಗಳವೇ ಆಗಿರುವದನ್ನು ಕಂಡು ನಾವು ಬೆರಗಾದೆವು. ಯುರೋಪದಲ್ಲಿ ಬಹುಕಾಲ ಈ ಅಧ್ಯಾಯವನ್ನು ಓದಿದವರಿಗೆ ಅದು ಹಳೆಯ ಕಥೆಯಾಗಿದ್ದಿತು. ಲಕ್ಷ್ಮೇಶ್ವರದ ಸುತ್ತಿನ ಹುಡುಗಿಯರಿಗೆ ಅದು ಆ ಸಂಜೆಯ ಮಾತಾಯಿತು. (ಕೊನೆಗೆ ತಿಂದೆವೋ ಇಲ್ಲವೋ ಎಂದು ಕೇಳುವ ವಾಚಕರಿಗೆ: ಚರ್ಚೆಯು ಮುಗಿಯುವಷ್ಟರಲ್ಲಿ ಚಿಕ್ಕ ಹುಡುಗಿಯರು ಎಲ್ಲವನ್ನೂ ಮುಗಿಸಿದ್ದರು.)

ಇನ್ನೊಂದು ಪ್ರಶ್ನೆಯು ಹಾಗೆ ನಗೆಯಲ್ಲಿ ಮುಗಿಯುವಂಥದಲ್ಲ. ಈ ಲೇಖನವನ್ನು ಬರೆಯಲು ನಿಜವಾದ ಕಾರಣವೂ ಅದೇ.

ನಮ್ಮ ತಂದೆಯವರು ಬೆಟಗೇರಿಯ ಮಿಶನ್ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ ದೀಕ್ಷಾಸ್ನಾನವನ್ನು ಹೊಂದಿದರು. ತಾಯಿಯವರೂ ಅವರನ್ನು ಅನುಸರಿಸಿದರು. ಆದರೆ ತಂದೆಯ ತಾಯಿಯಾದ ನಮ್ಮ ಅಜ್ಜಿಯು ಅಡರಕಟ್ಟಿಯನ್ನು ಬಿಡಲಿಲ್ಲ. ಕೊರಳಲ್ಲಿ ಲಿಂಗವನ್ನು ಕಟ್ಟಿಕೊಂಡು, ನಸುಕಿನಲ್ಲಿ ವಿಭೂತಿಯನ್ನು ಹಚ್ಚಿ, ಬೀಸುವ ಕಲ್ಲಿನ ಮುಂದೆ ಹಾಡುತ್ತ ಬದುಕಿದಳು. ಮಗನು ಬೇರೆ ದಾರಿ ಹಿಡಿದಾಗ ಊರಿನವರು ಆಡಿದ ಮಾತುಗಳನ್ನೆಲ್ಲ ಅವಳೇ ಉಂಡಳು. ಆದರೂ ರಜೆಗೆ ನಾವು ಊರಿಗೆ ಹೋದಾಗ ನಮ್ಮನ್ನು ಬೇರೆ ತಾಟಿನಲ್ಲಿ ಉಣ್ಣಿಸಲಿಲ್ಲ. ನಾವು ಕಲಿತ ಸಂಗೀತಗಳನ್ನು ಹಾಡಿ ತೋರಿಸೆಂದು ಕೇಳುವಳು. ಕೇಳಿ, ಚೆನ್ನಾಗಿದೆ, ಆದರೆ ರಾಗವು ಸ್ವಲ್ಪ ಬಿಗಿಯಾಯಿತು ಎನ್ನುವಳು. ನಾವು ಒಂಬತ್ತನೆಯ ಇಯತ್ತೆಯಲ್ಲಿದ್ದಾಗ ಅವಳು ತೀರಿಕೊಂಡಳು. ಲಿಂಗಾಯತರ ಪದ್ಧತಿಯಂತೆ ಅವಳನ್ನು ಕುಳ್ಳಿರಿಸಿ, ಅಂಗೈಯಲ್ಲಿ ಲಿಂಗವನ್ನಿಟ್ಟು ಮಣ್ಣು ಕೊಟ್ಟರು. ಲಿಂಗೈಕ್ಯಳಾದಳೆಂದು ಹಿರಿಯರು ಹೇಳಿದರು.

ಅದೇ ವರ್ಷ ನಮ್ಮನ್ನು ಸ್ಥಿರೀಕರಣಕ್ಕೆ ಸಿದ್ಧಪಡಿಸುತ್ತಿದ್ದರು. ಪ್ರಶ್ನೋತ್ತರದ ಪುಸ್ತಕವು ನಮಗೆ ಕಂಠಪಾಠವಾಗಿದ್ದಿತು. ರಕ್ಷಣೆಯ ವಿಷಯದ ಉತ್ತರವನ್ನು ಒಪ್ಪಿಸುತ್ತಿರುವಾಗ ನಾಲಿಗೆಯು ನಿಂತಿತು. ಹಾಗಾದರೆ ಅಜ್ಜಿಯು ಈಗ ಎಲ್ಲಿದ್ದಾಳೆ? ಈ ಪ್ರಶ್ನೆಯನ್ನು ಸಭೆಯ ಹಿರಿಯರೊಬ್ಬರಿಗೆ ಕೇಳಿದಾಗ ಬಂದ ಉತ್ತರವನ್ನು ಇಲ್ಲಿ ಬರೆಯಲಾರೆವು. ಬಂದ ಉತ್ತರವು ಪುಸ್ತಕದ ಲೆಕ್ಕಕ್ಕೆ ಸರಿಯಾಗಿದ್ದಿತು ಎಂದಷ್ಟೇ ಹೇಳುವೆವು. ಆ ರಾತ್ರಿ ಅನ್ನವು ಗಂಟಲಲ್ಲಿ ಇಳಿಯಲಿಲ್ಲ.

ಸತ್ಯವೇದದ ಅಕ್ಕನವರಿಗೆ ಸುದ್ದಿಯು ಮುಟ್ಟಿತು. ಅವರು ನಮ್ಮನ್ನು ಕರೆದು ಹೇಳಿದ್ದು ಬಹು ಸ್ವಲ್ಪ. ತೀರ್ಪು ಮಾಡುವಾತನು ತಾವೂ ಅಲ್ಲ, ಪುಸ್ತಕವೂ ಅಲ್ಲ, ಆತನು ಕರುಣೆಯುಳ್ಳವನು ಎಂದು ಮೊದಲು ಹೇಳಿದರು. ಬಳಿಕ, ಲೂಥರನು ೧೫೨೯ರಲ್ಲಿ ತನ್ನ ಚಿಕ್ಕ ಪ್ರಶ್ನೋತ್ತರವನ್ನು ಬರೆದಾಗ ಅವನ ಸುತ್ತಿನ ಹಳ್ಳಿಗಳಲ್ಲಿ ದೀಕ್ಷಾಸ್ನಾನವಾಗದ ಅಜ್ಜಿಯೇ ಸಿಕ್ಕುತ್ತಿರಲಿಲ್ಲ, ಆದುದರಿಂದ ಆ ಪ್ರಶ್ನೆಯನ್ನು ಅವನಿಗೆ ಯಾವ ಹುಡುಗಿಯೂ ಕೇಳಲಿಲ್ಲ, ಅಡರಕಟ್ಟಿಯ ಹುಡುಗಿಯೇ ಕೇಳಬೇಕಾಯಿತು ಎಂದರು. ನಿನ್ನ ಪ್ರಶ್ನೆಯು ಪಾಪವಲ್ಲ, ಅದು ಸಭೆಯು ಮಾಡದೆ ಉಳಿಸಿದ ಕೆಲಸ, ಎಂದು ಮುಗಿಸಿದರು. ನಮಗೆ ಆಗ ಪೂರ್ತಿ ತಿಳಿಯಲಿಲ್ಲ. ಆದರೆ ಸ್ಥಿರೀಕರಣಕ್ಕೆ ನಿಲ್ಲುವ ಧೈರ್ಯವು ಬಂದಿತು.

ಮುಂದೆ ಓದಿ ತಿಳಿದ ಮೇಲೆ, ಈ ಪ್ರಶ್ನೆಯು ನಮ್ಮ ಒಬ್ಬರದೇ ಆಗಿರಲಿಲ್ಲವೆಂಬದು ಕಂಡಿತು. ಮಿಶನ್ನಿನ ಕೆಲಸವು ನಡೆದ ಪ್ರತಿಯೊಂದು ದೇಶದಲ್ಲಿಯೂ ಮೊದಲ ತಲೆಮಾರಿನ ಕ್ರೈಸ್ತರು ತಮ್ಮ ಸತ್ತ ತಂದೆತಾಯಿಗಳ ವಿಷಯವಾಗಿ ಇದನ್ನೇ ಕೇಳಿದರು. ೧೯೩೮ರಲ್ಲಿ ಮದ್ರಾಸಿನ ಹತ್ತಿರದ ತಾಂಬರಂನಲ್ಲಿ ಲೋಕದ ಮಿಶನ್ ಸಂಸ್ಥೆಗಳೆಲ್ಲ ಕೂಡಿದಾಗ, ಬೇರೆ ಧರ್ಮಗಳಲ್ಲಿ ದೇವರು ಕೆಲಸ ಮಾಡುತ್ತಾನೋ ಇಲ್ಲವೋ ಎಂಬದರ ಮೇಲೆಯೇ ದೊಡ್ಡ ವಾದವಾಯಿತು. ಹಾಲೆಂಡಿನ ಕ್ರೇಮರ್ ಎಂಬವರು ಒಂದು ಪಕ್ಷ. ಚೆಂಚಯ್ಯ, ಚಕ್ಕರೈ ಮುಂತಾದ ನಮ್ಮ ದೇಶದ ವಿಚಾರವಂತರು ಇನ್ನೊಂದು ಪಕ್ಷ. ಬಾಸೆಲ್ ಮಿಶನ್ನಿನ ಸಭೆಯಲ್ಲಿಯೇ ಬೆಳೆದು, ೧೯೨೦ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥರು ಮಂಗಳೂರಿನ ದೇವಶಾಸ್ತ್ರ ಶಾಲೆಯ ಪ್ರಿನ್ಸಿಪಾಲರಾಗಿದ್ದು, ೧೯೭೧ರಲ್ಲಿ ಜಿನೀವಾದ ಲೋಕಸಭಾಮಂಡಲದಲ್ಲಿ ಅನ್ಯಧರ್ಮದವರೊಡನೆ ಸಂವಾದ ನಡಿಸುವ ವಿಭಾಗಕ್ಕೆ ಮೊದಲ ನಿರ್ದೇಶಕರಾದರು. ಅವರ ಮಾತನ್ನೆಲ್ಲ ನಾವು ಒಪ್ಪುವದಿಲ್ಲ. ಒಪ್ಪದವರು ಸಭೆಯಲ್ಲಿ ಬಹುಮಂದಿ ಇದ್ದಾರೆ. ಆದರೆ ಕನ್ನಡ ಕರಾವಳಿಯ ಒಂದು ಮಿಶನ್ ಸಭೆಯು ಲೋಕದ ಸಭೆಗಳಿಗೆ ಪ್ರಶ್ನೆ ಕೇಳುವವನೊಬ್ಬನನ್ನು ಕೊಟ್ಟಿತೆಂಬದು ನಮಗೆ ಹೆಮ್ಮೆಯ ಸಂಗತಿ. ಹಿಟ್ಟಿನ ಚೀಲವು ಈ ಕಡೆಯಿಂದ ಆ ಕಡೆಗೆ ಹೋದಂತಾಯಿತು!

ಸಭೆಗಳ ಐಕ್ಯದ ಮಾತೂ ಹೀಗೆಯೇ. ಬಳ್ಳಾರಿಯಲ್ಲಿ ಲಂಡನ್ ಮಿಶನ್ನಿನವರು, ಮೈಸೂರು ಸೀಮೆಯಲ್ಲಿ ವೆಸ್ಲಿಯನ್ನರು, ನಮ್ಮ ಕಡೆಗೆ ಬಾಸೆಲಿನವರು. ಇವರ ಭೇದಗಳೆಲ್ಲ ಇಂಗ್ಲೆಂಡ್ ಜರ್ಮನಿಗಳ ಹಳೆಯ ಜಗಳಗಳಿಂದ ಬಂದವು. ತುಂಗಭದ್ರೆಯ ಈ ದಡದ ಕ್ರೈಸ್ತನಿಗೂ ಆ ದಡದ ಕ್ರೈಸ್ತನಿಗೂ ಯಾವ ಜಗಳವೂ ಇರಲಿಲ್ಲ. ಮಗಳನ್ನು ಕೊಡುವ ತರುವ ಮಾತು ಬಂದಾಗ ಮಾತ್ರ, ನೀವು ಯಾವ ಮಿಶನ್ನಿನವರು ಎಂಬ ಪ್ರಶ್ನೆಯು ಏಳುತ್ತಿತ್ತು. ೧೯೧೯ರಲ್ಲಿ ತರಂಗಂಬಾಡಿಯಲ್ಲಿ ಅಜರಯ್ಯ ಬಿಷಪ್ಪರೂ ಇತರರೂ ಕೂಡಿ, ಒಡೆದ ಸಭೆಯು ಒಂದಾದ ಕರ್ತನನ್ನು ಸಾರುವದು ಹೇಗೆಂದು ಕೇಳಿದರು. ಇಪ್ಪತ್ತೆಂಟು ವರ್ಷಗಳ ಮಾತುಕತೆಯ ಮೇಲೆ ೧೯೪೭ರ ಸೆಪ್ಟೆಂಬರ ೨೭ರಂದು ಮದ್ರಾಸಿನಲ್ಲಿ ದಕ್ಷಿಣ ಭಾರತದ ಸಭೆಯು ಹುಟ್ಟಿತು. ನಮ್ಮ ಉತ್ತರ ಕರ್ನಾಟಕದ ಬಾಸೆಲ್ ಸಭೆಗಳು ಅದರೊಳಗೆ ತಡವಾಗಿ ಸೇರಿದವು. ೧೯೭೦ರಲ್ಲಿ ಉತ್ತರ ಕರ್ನಾಟಕಕ್ಕೆ ಪ್ರತ್ಯೇಕ ಬಿಷಪ್ ಪ್ರಾಂತವಾಯಿತು. ಬಿಷಪ್ಪರ ಸಭೆಗಳೂ ಬಿಷಪ್ಪರಿಲ್ಲದ ಸಭೆಗಳೂ ಹೀಗೆ ಒಂದಾದದ್ದು ಆಗ ಯುರೋಪದ ಪಂಡಿತರಿಗೂ ಹೊಸದಾಗಿದ್ದಿತು.

ಬಾಸೆಲ್ ಮಿಶನ್ನಿನ ಒಬ್ಬ ಹಿರಿಯರೇ ಈ ಸಂಗತಿಗೆ ಒಂದು ಹೆಸರು ಕೊಟ್ಟರೆಂಬದನ್ನು ಹಳೆಯ ವಿದ್ಯಾರ್ಥಿನಿಯರಲ್ಲಿ ಎಷ್ಟು ಮಂದಿ ಬಲ್ಲರೋ ತಿಳಿಯದು. ೧೯೨೬ರಿಂದ ೧೯೩೯ರ ವರೆಗೆ ಡೈರೆಕ್ಟರರಾಗಿದ್ದ ಕಾರ್ಲ್ ಹಾರ್ಟೆನ್‌ಸ್ಟೈನರು ೧೯೩೪ರಲ್ಲಿ ಮಿಸ್ಸಿಯೋ ದೇಯಿ, ಅಂದರೆ ದೇವರ ಕಳುಹಿಸುವಿಕೆ, ಎಂಬ ಲ್ಯಾಟಿನ್ ಮಾತನ್ನು ಬಳಸಿದರು. ೧೯೫೨ರಲ್ಲಿ ಜರ್ಮನಿಯ ವಿಲಿಂಗೆನ್ನಿನಲ್ಲಿ ಕೂಡಿದ ಮಿಶನ್ ಪರಿಷತ್ತಿನ ತರುವಾಯ ಆ ಮಾತು ಲೋಕದಲ್ಲೆಲ್ಲ ಹಬ್ಬಿತು. ಮಿಶನ್ ಎಂಬದು ಬಾಸೆಲಿನ ಕಮಿಟಿಯ ಆಸ್ತಿಯಲ್ಲ, ಯಾವ ಸಭೆಯ ಆಸ್ತಿಯೂ ಅಲ್ಲ. ದೇವರು ತಾನೇ ಲೋಕದೊಳಗೆ ಹೊರಟಿದ್ದಾನೆ, ನಾವು ಹಿಂದಿನಿಂದ ಹೋಗುವವರು ಎಂಬದು ಅದರ ಭಾವ. ಹಾಗಾದರೆ ಮಿಶನರಿಯು ಬೆಟಗೇರಿಗೆ ಬರುವ ಮೊದಲೇ ದೇವರು ಇಲ್ಲಿಗೆ ಬಂದಿದ್ದನೇ? ಬೀಸುವ ಕಲ್ಲಿನ ಮುಂದೆ ಹಾಡುವ ಅಜ್ಜಿಯರನ್ನು ಆತನು ಬಲ್ಲನೇ? ಆ ಲ್ಯಾಟಿನ್ ಮಾತನ್ನು ನಾವು ಓದಿದ್ದು ಹೀಗೆ. ಪಂಡಿತರು ಬೇರೆ ರೀತಿಯಾಗಿ ಓದಿದರೆ ಓದಲಿ.

ಸ್ತ್ರೀಯರ ವಿಷಯವಾಗಿ ಒಂದೆರಡು ಮಾತುಗಳನ್ನು ಹೇಳಲೇಬೇಕು. ಮಲ್ಲಸಮುದ್ರವನ್ನು ಹೂಡಿದ ಅದೇ ೧೮೪೧ರಲ್ಲಿ ಬಾಸೆಲಿನಲ್ಲಿ ಹೊರದೇಶಗಳ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ಸ್ತ್ರೀಯರ ಒಂದು ಸಮಿತಿಯು ಹುಟ್ಟಿತು. ಬೇಸಾಯದ ವಸಾಹತು ಮುಳುಗಿತು. ಹೆಣ್ಣುಮಕ್ಕಳ ಶಾಲೆಗಳು ಉಳಿದವು. ಆದರೆ ಮಿಶನ್ನಿನವರು ೧೮೪೭ರಲ್ಲಿ ಮಂಗಳೂರಿನಲ್ಲಿ ದೇವಶಾಸ್ತ್ರ ಶಾಲೆಯನ್ನು ತೆರೆದಾಗ ಅದು ಗಂಡಸರಿಗಾಗಿಯೇ ಇದ್ದಿತು. ಮನೆಮನೆಯ ಅಡಿಗೆಯ ಒಲೆಯ ತನಕ ಹೋಗಿ ಮಾತಾಡುತ್ತಿದ್ದವರಾದರೋ ಸತ್ಯವೇದದ ಬಾಯಿಯವರು. ಗಂಡ ಸತ್ತವಳು, ಮಕ್ಕಳಿಲ್ಲದವಳು, ಮುಟ್ಟಬಾರದವಳೆನ್ನಿಸಿಕೊಂಡವಳು ತಮ್ಮ ಪ್ರಶ್ನೆಗಳನ್ನು ಪಾದ್ರಿಯ ಮುಂದೆ ಹೇಳಲಿಲ್ಲ. ಈ ಬಾಯಿಯವರ ಮುಂದೆ ಹೇಳಿದರು. ಆ ಪ್ರಶ್ನೆಗಳು ಅಲ್ಲಿಯೇ ಉಳಿದವು. ಮಂಗಳೂರಿನ ಪಾಠಕ್ಕೆ ತಲುಪಲಿಲ್ಲ. ವರದಿಗಳಲ್ಲಿ ಎಷ್ಟು ಮನೆಗಳಿಗೆ ಭೇಟಿ ಕೊಟ್ಟರೆಂಬ ಎಣಿಕೆಯು ಬರುತ್ತಿತ್ತು, ಅಲ್ಲಿ ಏನು ಕೇಳಿದರೆಂಬದು ಬರುತ್ತಿರಲಿಲ್ಲ. ಸೇವೆಗೂ ಶಾಸ್ತ್ರಕ್ಕೂ ನಡುವಿನ ದಾರಿಯು ಎಲ್ಲಿ ಮುರಿದಿತ್ತೆಂದು ನಮ್ಮನ್ನು 
ಕೇಳಿದರೆ ಇಲ್ಲಿಯೇ ಎಂದು ಹೇಳುವೆವು. ಈಗ ದಕ್ಷಿಣ ಭಾರತದ ಸಭೆಯಲ್ಲಿ ಸ್ತ್ರೀಯರು ಪಾದ್ರಿಗಳಾಗಿದ್ದಾರೆ. ೨೦೧೩ರಲ್ಲಿ ನಂದ್ಯಾಲದ ಪ್ರಾಂತಕ್ಕೆ ಪುಷ್ಪಲಲಿತಾ ಎಂಬವರು ಬಿಷಪ್ಪರಾದರು. ದಾರಿಯ ರಿಪೇರಿಯು ನಡೆದಿದೆಯೆನ್ನಬಹುದು. ಕೆಲಸ ನಿಧಾನ.

ಇಂದಿನ ಸ್ಥಿತಿಯು ನಮಗೆ ಚಿಂತೆಯನ್ನು ಹುಟ್ಟಿಸುತ್ತದೆ. ಮಿಶನ್ನಿನ ಸಂಸ್ಥೆಗಳು ನಡೆಯುತ್ತಿವೆ. ಶಾಲೆಯಲ್ಲಿ ಫಲಿತಾಂಶವು ಒಳ್ಳೆಯದಾಗಿದೆಯೋ, ಕಟ್ಟಡಕ್ಕೆ ಮಹಡಿಯು ಏರಿತೋ ಎಂದು ಪಾಲಕರು ಕೇಳುತ್ತಾರೆ. ಸಭಾಸಮಿತಿಗಳಲ್ಲಿಯೂ ಅದೇ ಮಾತು. ದೇವಶಾಸ್ತ್ರದ ಕಾಲೇಜುಗಳಲ್ಲಿ ಪಾಠವೂ ನಡೆದಿದೆ. ಆದರೆ ಒಂದರ ಸದ್ದು ಇನ್ನೊಂದಕ್ಕೆ ಕೇಳಿಸುತ್ತದೆಯೇ? ನೀತಿಪಾಠದ ಗಂಟೆಯಲ್ಲಿ ಹುಡುಗಿಯರು ಪ್ರಶ್ನೆ ಕೇಳುವ ಹಾಗಿದೆಯೇ? ಬೇರೆ ಧರ್ಮದ ಹುಡುಗಿಯರೇ ಹೆಚ್ಚಾಗಿರುವ ಶಾಲೆಯಲ್ಲಿ ಪ್ರಶ್ನೆಗಳಿಗೆ ಬರಗಾಲವಿರಲಾರದು. ಅವರನ್ನು ಸಭೆಗೆ ಸೆಳೆಯಬೇಕೆಂಬ ಉದ್ದೇಶದಿಂದ ನಾವು ಇದನ್ನು ಹೇಳುತ್ತಿಲ್ಲ. ಅಂಥ ಸಂದೇಹವು ಯಾವ ಪಾಲಕರಿಗೂ ಬೇಡ. ಅವರ ಪ್ರಶ್ನೆಗಳು ಸಭೆಗೇ ಬೇಕಾಗಿವೆ.

ಕೊನೆಗೆ ಒಂದು ವಿಜ್ಞಾಪನೆ. ಮೇಲೆ ಹೇಳಿದ ಸತ್ಯವೇದದ ಅಕ್ಕನವರು ನೀಲಿ ರಟ್ಟಿನ ಒಂದು ವಹಿಯನ್ನು ಇಟ್ಟಿದ್ದರು. ಪಾಠದಲ್ಲಿ ಹುಡುಗಿಯರು ಕೇಳಿದ, ತಮಗೆ ಉತ್ತರ ತಿಳಿಯದ ಪ್ರಶ್ನೆಗಳನ್ನು ಅವರು ಅದರಲ್ಲಿ ಬರೆಯುತ್ತಿದ್ದರು. ಕೇಳಿದವಳ ಹೆಸರನ್ನು ಬರೆಯುತ್ತಿರಲಿಲ್ಲ, ಇಯತ್ತೆಯನ್ನೂ ತಾರೀಖನ್ನೂ ಮಾತ್ರ ಬರೆಯುತ್ತಿದ್ದರು. ಎಡಗಡೆಯ ಪುಟದಲ್ಲಿ ಪ್ರಶ್ನೆ, ಬಲಗಡೆಯ ಪುಟ ಖಾಲಿ. ಅವರು ನಿವೃತ್ತರಾಗಿ ಹೋಗುವಾಗ ಅದನ್ನು ಯಾರಿಗೋ ಕೊಟ್ಟರೆಂದು ಕೇಳಿದ್ದೇವೆ. ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರ ಬಳಿಯಲ್ಲಿಯಾದರೂ, ಅಥವಾ ಅವರ ತಾಯಿಯ ಟ್ರಂಕಿನಲ್ಲಿಯಾದರೂ ಆ ವಹಿಯು ಇದ್ದರೆ, ದಯಮಾಡಿ ಸಂಚಿಕೆಯ ಸಂಪಾದಕಿಯವರಿಗೆ ತಿಳಿಸಬೇಕು. ರಟ್ಟು ಹರಿದಿದ್ದರೂ ಚಿಂತೆಯಿಲ್ಲ. ಬಲಗಡೆಯ ಪುಟಗಳಲ್ಲಿ ಯಾರಾದರೂ ಏನಾದರೂ ಬರೆದಿದ್ದರೆ ಅದನ್ನು ಅಳಿಸದೆ ಹಾಗೆಯೇ ಕಳಿಸಬೇಕು.